ಗೋಡೆಗೆ ಸೀರೆ ಉಡಿಸಿದ ಮೇಲೆ ಕೇಳಿಸಿದ್ದು

ನಮ್ಮ ಚರ್ಚಿನ ಹಾಲ್‌ನ ಗುಂಗು, ಅಂದರೆ ದನಿ ನಿಂತ ಮೇಲೂ ಗೋಡೆಗಳ ನಡುವೆ ಉಳಿಯುವ ಮೊಳಗು, ಅಂತೂ ಇಳಿಯಿತು. ಖಾಲಿ ಹಾಲ್‌ನಲ್ಲಿ ಬಲೂನು ಒಡೆದು, ಆ ಸದ್ದು ಆರಲು ಎಷ್ಟು ಹೊತ್ತು ಅಂತ ಅಳೆದಾಗ 1 ಕಿಲೋಹರ್ಟ್ಸ್ (ನಡುಸ್ಥಾಯಿಯ ದನಿ) ಹತ್ತಿರ ಎರಡೂವರೆ ಸೆಕೆಂಡು ಬಂತು. ಗೋಡೆಗೆ ದನಿ ಹೀರುವ ಪ್ಯಾನೆಲ್ ಹಾಕುವ ಮುಂಚೆ ಅದೇ ಜಾಗದಲ್ಲಿ ಐದು ಇತ್ತು. ಕಾಗದದ ಲೆಕ್ಕ ಗೋಡೆಯ ಮೇಲೂ ನಿಜವಾಗುವುದು ನನ್ನ ಕೈಕೆಲಸದಲ್ಲಿ ಬಲು ಅಪರೂಪ, ಹಾಗಾಗಿ ಆ ರಾತ್ರಿ ನಿದ್ದೆ ಚೆನ್ನಾಗಿ ಬಂತು. ಭಾನುವಾರದ ಆರಾಧನೆಯಲ್ಲಿ ಮೊದಲ ಕೀರ್ತನೆ ಶುರುವಾದದ್ದೇ ತಡ, ಆ ಗುಂಗು ಇಷ್ಟು ದಿನ ಏನನ್ನು ಮುಚ್ಚಿಟ್ಟಿತ್ತು ಎನ್ನುವುದು ಬಯಲಾಯಿತು. ನಮ್ಮ ಸಭೆ ಒಂದೇ ಹಾಡನ್ನು ಹಾಡುತ್ತಲೇ ಇರಲಿಲ್ಲ. ಪದ ಒಂದೇ, ಧಾಟಿ ಎರಡು, ನಡೆ ಮೂರು!

ಹಿಂದಿನ ಕಥೆ ಚುಟುಕಾಗಿ: ತುಮಕೂರು ರಸ್ತೆ ಕಡೆಯ ಬಡಾವಣೆಯಲ್ಲಿ ಒಬ್ಬರ ಮನೆಯ ಮಹಡಿಯ ಮೇಲೆ ಮನೆ ಪ್ರಾರ್ಥನೆಯಾಗಿ ಶುರುವಾದ ಕನ್ನಡ ಕ್ರೈಸ್ತ ಸಭೆ ನಮ್ಮದು. ಈಗ ಸ್ವಂತ ಹಾಲ್ ಇದೆ. 18 ಮೀಟರ್ ಉದ್ದ, 10 ಅಗಲ, ನಾಲ್ಕೂವರೆ ಎತ್ತರ. ಮೇಲೆ ಆರ್‌ಸಿಸಿ, ಕೆಳಗೆ ಪಾಲಿಶ್ ಗ್ರಾನೈಟ್, ಎರಡೂ ಕಡೆ ದೊಡ್ಡ ಗಾಜು. ಕಟ್ಟಿಸಿದವರಿಗೆ ಭವ್ಯವಾಗಿ ಕಾಣಬೇಕಿತ್ತು, ಕಂಡಿತು. ಆದರೆ ಅಯ್ಯನವರು (ನಮ್ಮ ಪಾದ್ರಿ) ಸತ್ಯವೇದ, ಅಂದರೆ ಬೈಬಲ್, ಓದಿದರೆ ನಾಲ್ಕನೇ ಸಾಲಿನ ಹಿಂದೆ ಕೂತವರಿಗೆ ಯೆಶಾಯನೋ ಯೆರೆಮೀಯನೋ ಗೊತ್ತಾಗುತ್ತಿರಲಿಲ್ಲ. ಸಭಾ ಹಿರಿಯರ ಪರಿಹಾರ, ಇನ್ನೆರಡು ಸ್ಪೀಕರ್. ಐದು ಸೆಕೆಂಡ್ ಗುಂಗಿನ ಕೋಣೆಗೆ ಸ್ಪೀಕರ್ ಹೆಚ್ಚಿಸಿದರೆ ಮಾತಿನ ಜೊತೆ ಗುಂಗೂ ಅಷ್ಟೇ ಜೋರಾಗುತ್ತದೆ.

ಗುಂಗು ಎಷ್ಟು ಸೆಕೆಂಡು ಅಂತ ಹೇಳುವ ಸಬೀನ್ ಸೂತ್ರ ಸರಳ, 0.161 ಗುಣಿಸು ಕೋಣೆಯ ಘನ ಅಳತೆ, ಭಾಗಿಸು ಕೋಣೆ ದನಿಯನ್ನು ಹೀರುವ ಪ್ರಮಾಣ. 1895ರಲ್ಲಿ ಹಾರ್ವರ್ಡಿನ ಫಾಗ್ ಮ್ಯೂಸಿಯಮ್ಮಿನ ಉಪನ್ಯಾಸ ಮಂದಿರದಲ್ಲಿ ಪಾಠವೇ ಕೇಳಿಸುತ್ತಿಲ್ಲ ಎಂಬ ದೂರು ಬಂದಾಗ ಅಲ್ಲಿನ ಭೌತವಿಜ್ಞಾನಿ ವ್ಯಾಲೇಸ್ ಸಬೀನ್ ಪಕ್ಕದ ಸ್ಯಾಂಡರ್ಸ್ ಥಿಯೇಟರಿನ ಕುರ್ಚಿ ದಿಂಬುಗಳನ್ನು ರಾತ್ರಿ ಹೊತ್ತು ಹೊರಿಸಿ ತಂದು, ಒಂದೊಂದಾಗಿ ಹಾಸಿ, ಗುಂಗು ಎಷ್ಟು ಇಳಿಯುತ್ತದೆ ಅಂತ ಅಳೆದ. ನಮ್ಮಲ್ಲಿ ದಿಂಬು ಇಲ್ಲ, ಇರುವುದು ಪ್ಲಾಸ್ಟಿಕ್ ಕುರ್ಚಿ. 810 ಘನ ಮೀಟರಿಗೆ ನಮ್ಮ ಗ್ರಾನೈಟು, ಗಾಜು, ಸುಣ್ಣ ಎಲ್ಲ ಸೇರಿ ಹೀರುತ್ತಿದ್ದದ್ದು, ದನಿಯನ್ನು ಪೂರ್ತಿ ನುಂಗುವ 26 ಚದರ ಮೀಟರ್ ಜಾಗದಷ್ಟು. ನೂರು ಜನ ಕೂತರೆ ಇನ್ನೊಂದು 45 ಸಿಗುತ್ತದೆ. ಅಂದರೆ ಸಭೆಯಲ್ಲಿ ಅತಿ ಒಳ್ಳೆಯ ಅಕೂಸ್ಟಿಕ್ ಸಾಮಗ್ರಿ ಜನವೇ. ಇದನ್ನು ಅಯ್ಯನವರಿಗೆ ಹೇಳಿದ್ದೇ ತಪ್ಪಾಯಿತು, ಮುಂದಿನ ವಾರದ ಪ್ರಸಂಗದಲ್ಲಿ ಗೈರುಹಾಜರಾದವರಿಗೆಲ್ಲ ಅದರಿಂದಲೇ ಪೆಟ್ಟು.

ಮೊಟ್ಟೆ ಟ್ರೇ ಅಂಟಿಸಿ ಎಂದವರಿಗೆಲ್ಲ, "ಟ್ರೇ ನೀವೇ ಇಟ್ಕೊಳ್ಳಿ, ಮೊಟ್ಟೆ ಕಳಿಸಿ, ಶನಿವಾರ ಕೆಲಸಕ್ಕೆ ಬರೋ ಹುಡುಗರಿಗೆ ಆಮ್ಲೆಟ್ ಆಗತ್ತೆ" ಅಂದೆ. ಟ್ರೇ ದನಿಯನ್ನು ಅಷ್ಟಾಗಿ ಹೀರುವುದಿಲ್ಲ. ಸ್ಪಂಜ್ ಬೇಡ ಎನ್ನಲು ಕಾರಣ ಬೇರೆ. ಕ್ರಿಸ್ಮಸ್ ಹಿಂದಿನ ರಾತ್ರಿ ನಮ್ಮಲ್ಲಿ ಎಲ್ಲರ ಕೈಯಲ್ಲೂ ಮೇಣದಬತ್ತಿ ಇರುತ್ತದೆ, ಸ್ಪಂಜ್ ಹೊತ್ತಿದರೆ ಕಥೆ ಮುಗಿಯಿತು. ಆದ್ದರಿಂದ ರಾಕ್‌ವುಲ್ (ಕಲ್ಲು ಕರಗಿಸಿ ತೆಗೆದ ಎಳೆಯ, ಬೆಂಕಿ ಹತ್ತದ ಹಲಗೆ), 50 ಮಿಲಿಮೀಟರ್ ದಪ್ಪ, ಘನ ಮೀಟರಿಗೆ 48 ಕೆಜಿ ಸಾಂದ್ರತೆ, ಪೈನ್ ಮರದ ಚೌಕಟ್ಟು, ನಲವತ್ತು ಪ್ಯಾನೆಲ್.

ಈಗ ಡೀಲರ್ ಪುರಾಣ. ಬಿಲ್ಲಿನಲ್ಲಿ 48 ಅಂತಲೇ ಇತ್ತು. ಕಟ್ಟು ಬಿಚ್ಚಿದರೆ ಹಳದಿ ಬಣ್ಣ, ಮುಟ್ಟಿದರೆ ಮೆತ್ತಗೆ, ಕೈಯೆಲ್ಲ ತುರಿಕೆ. ಅನುಮಾನ ಬಂದು ತೂಕ ಹಾಕೋಣ ಎಂದರೆ ಕೈಗೆ ಸಿಕ್ಕಿದ್ದು ಹಿಡಿಯಕ್ಕಿ ತಕ್ಕಡಿ. ಗೊತ್ತಿಲ್ಲದವರಿಗೆ: ನಮ್ಮ ಸಭೆಯ ಹೆಂಗಸರು ದಿನಾ ಅಡುಗೆಗೆ ಅಕ್ಕಿ ಅಳೆಯುವಾಗ ಒಂದು ಹಿಡಿ ಬೇರೆ ಡಬ್ಬಿಗೆ ಹಾಕಿ, ತಿಂಗಳಿಗೊಮ್ಮೆ ತಂದು ಒಪ್ಪಿಸುತ್ತಾರೆ. ಅದನ್ನು ತೂಗುವ ತಕ್ಕಡಿ ಇದು. 120 ಸೆಂಟಿಮೀಟರ್ ಉದ್ದ, 60 ಅಗಲದ ಒಂದು ಹಲಗೆ 48 ಸಾಂದ್ರತೆಯದಾದರೆ ಒಂದು ಕೆಜಿ ಮುಕ್ಕಾಲು ತೂಗಬೇಕು. ಮುಳ್ಳು ಒಂದು ಕೆಜಿಯನ್ನೂ ಮುಟ್ಟಲಿಲ್ಲ. ಬಂದಿದ್ದದ್ದು 24ರ ಗ್ಲಾಸ್‌ವುಲ್, ಅಂದರೆ ಗಾಜಿನ ಎಳೆಯದು. ಫೋನು ಮಾಡಿದರೆ, "ಎರಡೂ ವುಲ್ಲೇ ಅಲ್ವಾ ಸಾರ್" ಎಂಬ ತತ್ವಜ್ಞಾನ. ಹಿಡಿಯಕ್ಕಿ ನೋಡಿಕೊಳ್ಳುವ ಅಕ್ಕ ಫೋನು ಕಸಿದುಕೊಂಡು, "ಅಣ್ಣಾ, ಸೋನಾಮಸೂರಿ ಕೇಳಿದರೆ ನುಚ್ಚು ಕೊಟ್ಟು ಎರಡೂ ಅಕ್ಕೀನೇ ಅಂತೀರಾ?" ಎಂದು ಕೇಳಿದರು. ಮಾಲು ವಾಪಸು ಹೋಯಿತು. ಸಾಗಣೆ ಖರ್ಚು ಮಾತ್ರ ನಮ್ಮ ತಲೆಗೇ ಬಂತು.

ಪ್ಯಾನೆಲ್ ಹೊದಿಕೆ ಬಟ್ಟೆಗೆ ಮೀಟರಿಗೆ ಅಂಗಡಿಯವರು ಹೇಳಿದ ಬೆಲೆ ಕೇಳಿ ಹಿರಿಯರು ಕನ್ನಡಕ ತೆಗೆದಿಟ್ಟರು. ಮಹಿಳಾ ಸಂಘದವರು ಮನೆಗೊಂದು ಹಳೆಯ ಹತ್ತಿ ಸೀರೆ ಕೇಳಿದರು. ದನಿ ಬಟ್ಟೆ ದಾಟಿ ಒಳಗೆ ಹೋಗಬೇಕು, ಅದಕ್ಕೆ ಪರೀಕ್ಷೆ ಒಂದೇ, ಬಟ್ಟೆಗೆ ಬಾಯಿಟ್ಟು ಊದಬೇಕು, ಉಸಿರು ಆ ಕಡೆ ಕೈಗೆ ತಾಗಬೇಕು. ಪಾಲಿಯೆಸ್ಟರ್ ಎಲ್ಲ ಅಲ್ಲೇ ಫೇಲ್. ಪಾಸಾದವನ್ನು ಬೋರಾಕ್ಸ್ ಮತ್ತು ಬೋರಿಕ್ ಆಸಿಡ್ 7ಕ್ಕೆ 3ರಂತೆ ಬೆರೆಸಿದ ನೀರಲ್ಲಿ ಅದ್ದಿ ಒಣಗಿಸಿದೆವು, ಬೆಂಕಿ ಬೇಗ ಹಿಡಿಯದಿರಲಿ ಅಂತ. (ಒಗೆದರೆ ಹೋಗುತ್ತದೆ, ಮತ್ತೆ ಅದ್ದಬೇಕು.) ಉಡುಪಿಯ ಚೌಕುಳಿ ಸೀರೆ ಎಡಗೋಡೆಗೆ, ಇಳಕಲ್ಲಿನ ಹತ್ತಿ ಸೀರೆಗಳು ಹಿಂದಿನ ಗೋಡೆಗೆ. ಬಳ್ಳಾರಿ ಕಡೆಯ ಒಬ್ಬ ಅಜ್ಜಿ ಈಗ ತಮ್ಮ ಸೀರೆಯ ಕೆಳಗೆ ಕೂರುತ್ತಾರೆ. ಆ ಕುರ್ಚಿಗೆ ಬೇರೆ ಯಾರಾದರೂ ಕೂತರೆ ಎಬ್ಬಿಸುತ್ತಾರೆ ಕೂಡ.

ಸರಿ, ಅಸಲು ಸಮಸ್ಯೆಗೆ ಬರೋಣ.

ನಮ್ಮ ಸಭೆಯವರೆಲ್ಲ ಬೇರೆ ಬೇರೆ ಊರಿಂದ ಬೆಂಗಳೂರಿಗೆ ದುಡಿಯಲು ಬಂದವರು. ಮಂಗಳೂರು, ಉಡುಪಿ ಕಡೆಯವರು 1834ರಲ್ಲಿ ಬಂದಿಳಿದ ಬಾಸೆಲ್ ಮಿಷನ್ನಿನ ಪರಂಪರೆ. ಜರ್ಮನ್ ಧಾಟಿ ಅವರ ನಾಲಿಗೆ ಮೇಲಿದೆ, ನಾಲ್ಕು ಸ್ವರಭಾಗ ಹಾಕಿಯೇ ಹಾಡುತ್ತಾರೆ. ಬಳ್ಳಾರಿಯವರದು 1810ರಲ್ಲಿ ಜಾನ್ ಹ್ಯಾಂಡ್ಸ್ ಬಂದು ನೆಲೆಸಿದ ಲಂಡನ್ ಮಿಷನ್. ಗುಬ್ಬಿ, ತುಮಕೂರು, ಮೈಸೂರಿನವರು ವೆಸ್ಲಿಯನ್ ಮೆಥಡಿಸ್ಟ್ ಮಿಷನ್ನಿನವರ ಮಕ್ಕಳು ಮೊಮ್ಮಕ್ಕಳು. 1947ರಲ್ಲಿ ದಕ್ಷಿಣ ಭಾರತ ಸಭೆ (ಸಿಎಸ್‌ಐ) ಎಂದು ಒಂದಾದದ್ದು ಸಭೆಯ ಸಂವಿಧಾನದಲ್ಲಿ, ಬಾಸೆಲ್‌ನವರಲ್ಲಿ ಕೆಲವರು ಸೇರಿದ್ದು ಇನ್ನೂ ಆಮೇಲೆ. ಗಂಟಲು ಒಂದಾಗುವ ಕೆಲಸ ನಮ್ಮ ಹಾಲಿಗೆ ಬಾಕಿ ಉಳಿದಿತ್ತು ಅಂತ ಕಾಣುತ್ತದೆ.

ಹಳೆಯ ಕೀರ್ತನೆಗಳಿಗೆ ಛಂದಸ್ಸಿನ ಅಂಕಿ ಇರುತ್ತದೆ, ಅಂದರೆ ಒಂದೊಂದು ಸಾಲಿಗೆ ಎಷ್ಟು ಅಕ್ಷರ (ಸಿಲೆಬಲ್) ಎಂಬ ಲೆಕ್ಕ, 8.8.8.8, 8.6.8.6 ಹೀಗೆ. ಅಂಕಿ ಹೊಂದಿದರೆ ಯಾವ ಪದವನ್ನು ಯಾವ ಧಾಟಿಗೆ ಬೇಕಾದರೂ ಕೂರಿಸಬಹುದು. ಮಿಷನರಿಗಳಿಗೆ ಅನುಕೂಲವಾಗಿತ್ತು, ನಮಗೆ ಫಜೀತಿಯಾಗಿದೆ. ಒಂದೇ ಪದಕ್ಕೆ ಕರಾವಳಿಯಲ್ಲಿ ಒಂದು ಧಾಟಿ ಕೂತಿದೆ, ಗುಬ್ಬಿಯಲ್ಲಿ ಇನ್ನೊಂದು. ಧಾಟಿ ಒಂದೇ ಇದ್ದರೂ ನಡೆ ಒಂದಲ್ಲ. 1551ರ ಜಿನೀವಾ ಕೀರ್ತನೆ ಪುಸ್ತಕದ, ಇಂಗ್ಲಿಷರು ಓಲ್ಡ್ ಹಂಡ್ರೆತ್ ಎನ್ನುವ ಧಾಟಿಯನ್ನೇ ತಗೊಳ್ಳಿ. ಸ್ತುತಿ ಪದ ಅದರಲ್ಲೇ ಹಾಡುತ್ತೇವೆ. ಮಂಗಳೂರಿನವರು ಸಾಲು ಮುಗಿದದ್ದೇ ಉಸಿರು ಎಳೆದು ಮುಂದಿನ ಸಾಲಿಗೆ ಹಾರುತ್ತಾರೆ. ಬಳ್ಳಾರಿ ಅಜ್ಜಿಯರು ಕೊನೆಯ ಸ್ವರವನ್ನು ಎಳೆದು, ಒಂದು ಸಣ್ಣ ಗಮಕ ಸೇರಿಸಿ, ದೇವರ ಹೆಸರನ್ನು ಪೂರ್ತಿ ಸವಿದ ಮೇಲೆಯೇ ಬಿಡುವುದು. ಗುಬ್ಬಿಯವರು ನಡುವೆ. ಇದೆಲ್ಲ ಐದು ಸೆಕೆಂಡಿನ ಗುಂಗಿನಲ್ಲಿ ಕಲಸಿ ಒಂದೇ ಹಿಟ್ಟಾಗಿ ಕೇಳಿಸುತ್ತಿತ್ತು. "ನಮ್ಮ ಸಭೇಲಿ ಹಾಡು ಎಷ್ಟು ತುಂಬಿ ಬರತ್ತೆ" ಎಂದು ಎಲ್ಲರೂ ಬೀಗುತ್ತಿದ್ದರು.

ಗುಂಗು ಹೋದ ಭಾನುವಾರ ಪಕ್ಕದವರ ದನಿ ಮೊದಲ ಸಲ ಕಿವಿಗೆ ಬಿತ್ತು. ಎರಡನೇ ಚರಣದ ಹೊತ್ತಿಗೆ ಅರ್ಧ ಜನ ಬಾಯಿ ಮುಚ್ಚಿದರು. ಮೂರನೆಯದರಲ್ಲಿ ಉಳಿದದ್ದು ಕೀಬೋರ್ಡು ಮತ್ತು ಮೈಕು ಹಿಡಿದ ನಾಲ್ವರು. ಆರಾಧನೆ ಮುಗಿದ ಮೇಲೆ ಮಂಗಳೂರಿನ ಹಿರಿಯರೊಬ್ಬರು, "ನಮ್ಮಲ್ಲಿ ಹೀಗೆ ಎಳೆಯುವುದಿಲ್ಲ ಮಾರಾಯರೇ" ಎಂದರು. ಅಜ್ಜಿ ಅಲ್ಲೇ ಇದ್ದರು. "ಯಪ್ಪಾ, ಬಸ್ಸು ತಪ್ಪಿ ಹೋಗ್ತದೇನು ನಿನಗ? ದೇವರ ಮುಂದ ಎಂಥಾ ಅವಸರ?" ಒಬ್ಬರಂತೂ ನನ್ನನ್ನು ಪಕ್ಕಕ್ಕೆ ಕರೆದು, ಆ ಪ್ಯಾನೆಲ್ ತೆಗೆದುಬಿಡಿ, ಮೊದಲಿನದ್ದೇ ಚೆನ್ನಾಗಿತ್ತು ಎಂದರು.

ಪ್ಯಾನೆಲ್ ತೆಗೆಯುವ ಮಾತೇ ಇಲ್ಲ. ನೂರು ಜನ ಕೂತಾಗ ಗುಂಗು 1.3 ಸೆಕೆಂಡಿನ ಆಸುಪಾಸು. ಮಾತಿಗೆ ಒಂದು ಸೆಕೆಂಡು, ಹಾಡಿಗೆ ಒಂದೂವರೆಯಿಂದ ಎರಡು ಬೇಕು ಎನ್ನುವ ಹಗ್ಗಜಗ್ಗಾಟದಲ್ಲಿ ಇದಕ್ಕಿಂತ ಒಳ್ಳೆಯ ರಾಜಿ ನಮ್ಮ ಬಜೆಟ್ಟಿನಲ್ಲಿ ಇಲ್ಲ. ಹಿಂದಿನ ಗೋಡೆಯ ಕೆಲವನ್ನು ಮೇಲಕ್ಕೆ ಸರಿಸಿ ನೋಡಿದೆ. ದನಿ ಅಳೆಯುವ ಆರ್‌ಇಡಬ್ಲ್ಯೂ ತಂತ್ರಾಂಶದ ಗ್ರಾಫಿನಲ್ಲಿ ಗೆರೆ ಕೊಂಚ ನಯವಾಯಿತು, ಹಾಡು ಮಾತ್ರ ಹಾಗೇ ಇತ್ತು. ಮೈಕಿನವರ ದನಿ ಇಳಿಸಿದರೆ ಸಭೆ ಇನ್ನೂ ಮೆತ್ತಗಾಯಿತು. ಏರಿಸಿದರೆ ಸಭೆ ಹಾಡುವುದನ್ನು ಬಿಟ್ಟು ಕೇಳುತ್ತ ಕೂತಿತು. ಕೀಬೋರ್ಡ್ ಹುಡುಗನ ಸ್ಟೈಲ್ ಬಟನ್ನು ಇನ್ನೊಂದು ಶನಿ. ಡ್ರಮ್ ತಾಳ ಯಾರಿಗೂ ಕಾಯುವುದಿಲ್ಲ, ಅಜ್ಜಿಗಂತೂ ಅಲ್ಲವೇ ಅಲ್ಲ.

ನನ್ನದೊಂದು ಊಹೆ ಇದೆ, ಪುರಾವೆ ಕೇಳಬೇಡಿ. ಹಂಚಿನ ಮಾಡಿನ ದೇವಾಲಯದಲ್ಲಿ ದನಿ ಸಂದಿಯಿಂದ ಹೊರಗೆ ಸೋರಿಹೋಗುತ್ತದೆ, ಸಾಲಿನ ಕೊನೆಯಲ್ಲಿ ನಿಲ್ಲಲು ಕಾರಣವಿಲ್ಲ, ಹಾಡು ಚುರುಕಾಗುತ್ತದೆ. ದಪ್ಪ ಕಲ್ಲುಗೋಡೆಯ ಎತ್ತರದ ಕಟ್ಟಡದಲ್ಲಿ ಹಿಂದಿನ ಸಾಲು ಆರುವವರೆಗೆ ಕಾಯಲೇಬೇಕು, ಎಳೆತ ಅಭ್ಯಾಸವಾಗುತ್ತದೆ. ಎಲ್ಲರೂ ತಮ್ಮ ಊರಿನ ಗೋಡೆಗಳನ್ನು ಗಂಟಲಲ್ಲಿ ಹೊತ್ತು ತಂದಿದ್ದಾರೆ. ಹಾಗಿದ್ದರೆ ಇದಕ್ಕೆ ಮದ್ದು ರಾಕ್‌ವುಲ್ಲಿನಲ್ಲಿ ಸಿಗುವುದಿಲ್ಲ.

ದಾರಿ ತೋರಿಸಿದ್ದು ಕುರ್ಚಿ. ಶನಿವಾರ ನೆಲ ಒರೆಸಿ ಮಕ್ಕಳು ಕುರ್ಚಿಗಳನ್ನು ನೇರ ಸಾಲಿನ ಬದಲು ಕಮಾನಿನ ಹಾಗೆ ಇಟ್ಟುಬಿಟ್ಟಿದ್ದರು. ಅಂದು ಸಂಜೆ ಅಭ್ಯಾಸಕ್ಕೆ ಬಂದವರು ಹಾಗೇ ಕೂತರು, ಎದುರಿನವರ ಬಾಯಿ ಕಾಣಿಸಿತು. ಕೀಬೋರ್ಡ್ ಬಂದ್, ಮೈಕ್ ಬಂದ್. ಹಾಡಿಸಲು ಒಬ್ಬ ನಿವೃತ್ತ ಟೀಚರಮ್ಮ ವೇದಿಕೆ ಬಿಟ್ಟು ನಡುವೆ ನಿಂತರು. ಸಾಲಿನ ಕೊನೆಗೆ ಕೈ ಎತ್ತಿ ಎರಡು ಎಣಿಕೆ ಹಿಡಿದು, ಇಳಿಸಿದಾಗ ಎಲ್ಲರೂ ಒಟ್ಟಿಗೆ ಉಸಿರು. ಮೊದಲು ಗದ್ದಲ, ನಗು, ಒಂದೆರಡು ಮುನಿಸು. ಆಮೇಲೆ ಒಂದು ಚರಣ, ಒಂದೇ ಒಂದು ಚರಣ, ಸೇರಿ ಬಂತು. ಗುಂಗು ಇಳಿದ ಕೋಣೆಯಲ್ಲಿ ಎಪ್ಪತ್ತು ದಾಟಿದ ಹೆಂಗಸರ ದನಿ, ಅದರ ಕೆಳಗೆ ಮಂಗಳೂರಿನ ಟೆನರು, ಬೇರೆ ಬೇರೆಯಾಗಿಯೂ ಕೇಳಿಸಿತು, ಒಟ್ಟಾಗಿಯೂ ಕೇಳಿಸಿತು. ಕೊಲೊಸ್ಸೆಯವರಿಗೆ ಬರೆದ ಪತ್ರದಲ್ಲಿ ಪೌಲ ಕೀರ್ತನೆಗಳಿಂದ ಒಬ್ಬರಿಗೊಬ್ಬರು ಬುದ್ಧಿ ಹೇಳಿಕೊಳ್ಳಿ ಎನ್ನುತ್ತಾನಲ್ಲ, 3:16ರಲ್ಲಿ, ಅದಕ್ಕೆ ಮೊದಲು ಒಬ್ಬರದು ಇನ್ನೊಬ್ಬರಿಗೆ ಕೇಳಿಸಬೇಕು. ಇಷ್ಟು ವರ್ಷ ಅದನ್ನು ಓದುವಾಗ ನನ್ನ ಗಮನ ಅಲ್ಲಿಗೆ ಹೋಗಿರಲಿಲ್ಲ.

ಈಗಿನ ಒಪ್ಪಂದ: ಕೀರ್ತನೆ ನಂಬರಿನ ಬೋರ್ಡಿನಲ್ಲಿ ಪಕ್ಕಕ್ಕೆ ಒಂದು ಬಣ್ಣದ ಬಿಲ್ಲೆ. ನೀಲಿ ಇದ್ದರೆ ಕರಾವಳಿ, ಕೆಂಪು ಬಳ್ಳಾರಿ, ಹಸಿರು ಗುಬ್ಬಿ. ಶ್ರಮಕಾಲದಲ್ಲಿ, ಅಂದರೆ ಈಸ್ಟರಿಗೆ ಮುಂಚಿನ ಉಪವಾಸದ ದಿನಗಳಲ್ಲಿ, ಬಳ್ಳಾರಿಯ ಎಳೆತವೇ ಇರಲಿ, ಶಿಲುಬೆಯ ಹಾಡಿಗೆ ಅದು ಒಪ್ಪುತ್ತದೆ. ಕ್ರಿಸ್ಮಸ್ಸಿಗೆ ನೀಲಿ. ಸುಗ್ಗಿ ಹಬ್ಬಕ್ಕೆ ಯಾವುದು ಎನ್ನುವ ಜಗಳ ನಡೆಯುತ್ತಿದೆ. ಆ ದಿನ ಕಾಣಿಕೆಗೆ ಬಂದ ಕುಂಬಳಕಾಯಿಯ ಹರಾಜಿನಲ್ಲಿ ಯಾರು ಹೆಚ್ಚು ಕೂಗುತ್ತಾರೋ ಅವರ ಧಾಟಿ ಅಂತ ನಾನು ಸೂಚಿಸಿದ್ದೇನೆ. ಪ್ರತಿ ಭಾನುವಾರ ಒಂದು ಕೀರ್ತನೆ ಮೈಕಿಲ್ಲದೆ.

ಕಮಾನು ಸಾಲಿಗೆ ಇನ್ನೊಂದು ಪರಿಣಾಮ ಬಂತು. ಕರ್ತನ ಭೋಜನದ (ಕಮ್ಯುನಿಯನ್) ಆರಾಧನೆಯಲ್ಲಿ ಸಮಾಧಾನವನ್ನು ಕೈಯಿಂದ ಕೈಗೆ ದಾಟಿಸುವ ಕ್ರಮ 1950ರ ಸಿಎಸ್‌ಐ ಆರಾಧನಾ ಕ್ರಮದಿಂದ ಬಂದದ್ದು. ನೇರ ಸಾಲಿನಲ್ಲಿ ಅದು ಪಕ್ಕದವರಿಗೆ ಅರ್ಧ ಕೈ ಕೊಟ್ಟು ಮುಗಿಯುತ್ತಿತ್ತು. ಈಗ ಜನ ಎದ್ದು ಆಚೆ ತುದಿಗೆ ಹೋಗಿಬರುತ್ತಾರೆ, ಮಗಳ ಬಾಣಂತನವನ್ನೂ ವಿಚಾರಿಸುತ್ತಾರೆ. ಅಯ್ಯನವರು ಪೀಠದಿಂದ ಗಡಿಯಾರ ನೋಡುತ್ತಾರೆ. ಟೈಮಿನ ದೂರು ಅವರಿಂದ ಬಂದದ್ದು ಇದೇ ಮೊದಲು, ಸಾಮಾನ್ಯವಾಗಿ ಅದು ಅವರ ಪ್ರಸಂಗದ ಮೇಲೆ ನಮ್ಮಿಂದ ಹೋಗುವಂಥದ್ದು.

ಬಾಕಿ ಇರುವುದು 125 ಹರ್ಟ್ಸ್, ಅಂದರೆ ಕೆಳಸ್ಥಾಯಿಯ ಗುಂಗು. ಗೋಡೆಗೆ ನೇರ ಅಂಟಿದ 50 ಮಿಲಿಮೀಟರ್ ಅಲ್ಲಿ ಹೆಚ್ಚೇನೂ ಮಾಡುವುದಿಲ್ಲ. ಹಿಂದೆ ಇನ್ನೊಂದು 50 ಖಾಲಿ ಬಿಟ್ಟರೆ ಸ್ವಲ್ಪ ಸಿಗುತ್ತದೆ, ಅದಕ್ಕೆ ಮರದ ಗುಟ್ಟೆ ಕತ್ತರಿಸಿಟ್ಟಿದ್ದೇನೆ. ಕೀಬೋರ್ಡ್ ಹುಡುಗನ ಎಡಗೈ ಕಟ್ಟಿಹಾಕುವುದು ಇನ್ನೂ ಅಗ್ಗ, ಆದರೆ ಅವನಮ್ಮ ಸಂಘದ ಕಾರ್ಯದರ್ಶಿ.

ಮಧ್ಯೆ ಇನ್ನೊಂದು ಹುಚ್ಚು ಹತ್ತಿದೆ. ಒಂದು ಹಳೆಯ ಮಿಷನ್ ಕಾಂಪೌಂಡಿನ ಗೋಡೌನಿನಲ್ಲಿ ಕಾಲಲ್ಲಿ ತುಳಿಯುವ ರೀಡ್ ಆರ್ಗನ್ ಬಿದ್ದಿದೆ. ಮುಚ್ಚಳ ತೆಗೆದರೆ ಹಿತ್ತಾಳೆ ರೀಡುಗಳು ಹಸಿರುಗಟ್ಟಿದ್ದರೂ ಮುರಿದಿಲ್ಲ. ಕೆಳಗಿನ ತಿದಿಯನ್ನು ಇಲಿಗಳು ಪೂರ್ತಿ ಉಂಡಿವೆ. ಕೀಬೋರ್ಡಿಗಿಂತ ನಮಗೆ ಇದೇ ಸರಿ, ತುಳಿಯುವವರೂ ಉಸಿರು ತಗೊಳ್ಳಬೇಕಲ್ಲ, ಅಜ್ಜಿಗೆ ಕಾಯಲೇಬೇಕಾಗುತ್ತದೆ. ಎರಡು ಅಂಗಡಿಯಲ್ಲಿ ತಿದಿಗೆ ರೆಕ್ಸಿನ್ ಹಾಕಿ ಅಂದರು. ರೆಕ್ಸಿನ್ ಮಡಿಕೆಯಲ್ಲಿ ಸೀಳುತ್ತದೆ ಅಂತ ಹಾರ್ಮೋನಿಯಂ ಬಿಚ್ಚಿದ ಯಾರಿಗಾದರೂ ಗೊತ್ತು. ಕವಾಟಗಳಿಗೆ ತೆಳುವಾದ, ಗಾಳಿ ಸೋರದ ಆಡಿನ ತೊಗಲು ಬೇಕು, ತಿದಿಗೆ ಒಳಮೈಗೆ ರಬ್ಬರು ಹಚ್ಚಿದ ಹತ್ತಿ ಬಟ್ಟೆ. ಬಿಡಿಯಾಗಿ, ಕೇಳಿದ್ದನ್ನೇ ಕೊಡುವ ಅಂಗಡಿ ಯಾರಿಗಾದರೂ ಗೊತ್ತಿದ್ದರೆ ತಿಳಿಸಿ. ತಕ್ಕಡಿ ನಾನೇ ತರುತ್ತೇನೆ.