ಆನೆಗೊಂದಿಯ ಬಂಡೆ ಹತ್ತುವ ಮುನ್ನ ಕೈಪಿಡಿ ಆರಿಸಿಕೊಳ್ಳುವ ಬಗೆ

ರಾಯಚೂರಿನಿಂದ ಸಿಂಧನೂರು, ಕಾರಟಗಿ ಮಾರ್ಗವಾಗಿ ಗಂಗಾವತಿ ತಲುಪಿ, ಅಲ್ಲಿಂದ ಆನೆಗೊಂದಿ, ಸಾಣಾಪುರಗಳಿಗೆ ಹೋಗುವುದು ಕಷ್ಟದ ಪ್ರಯಾಣವೇನಲ್ಲ. ಬಂಡೆ ಹತ್ತುವುದನ್ನು ಹೊಸದಾಗಿ ಕಲಿಯಹೊರಟವರು ಯಾವ ಪುಸ್ತಕವನ್ನು ನಂಬಬೇಕೆಂಬುದೇ ಅದಕ್ಕಿಂತ ಕಷ್ಟದ ವಿಷಯ. ಚಳಿಗಾಲದಲ್ಲಿ ಗೆಳೆಯನೊಬ್ಬನ ಜೊತೆ ಹೋದಾಗ ನಮ್ಮ ಬಳಿ ಎರಡು ಇಂಗ್ಲಿಷ್ ಕೈಪಿಡಿಗಳಿದ್ದವು. ಒಂದು ಹಳೆಯ ಪುಸ್ತಕದಂಗಡಿಯಲ್ಲಿ ಅಗ್ಗಕ್ಕೆ ಕೊಂಡದ್ದು, ಇನ್ನೊಂದು ಈಚಿನದು. ಬಂಡೆಯ ಬುಡದಲ್ಲೇ ಕುಳಿತು ಎರಡನ್ನೂ ಓದಿದ್ದರಿಂದ ವ್ಯತ್ಯಾಸ ಚೆನ್ನಾಗಿ ತಿಳಿಯಿತು.

ಕೊಳ್ಳುವಾಗ ಮುಖಪುಟ ನೋಡದೆ, ಪ್ರಕಾಶನದ ವಿವರವಿರುವ ಪುಟ ನೋಡಬೇಕು. ಮರುಮುದ್ರಣದ ಇಸವಿ ಹೊಸದಾಗಿದ್ದ ಮಾತ್ರಕ್ಕೆ ಒಳಗಿನ ಪಾಠ ಹೊಸದಾಗಿರುವುದಿಲ್ಲ. ಪರಿಷ್ಕೃತ ಆವೃತ್ತಿಯ ಇಸವಿಯೇ ಲೆಕ್ಕಕ್ಕೆ ಬರುವಂಥದ್ದು. ಪರ್ವತಾರೋಹಿಗಳು ಬಹುವಾಗಿ ಬಳಸುವ ‘ಮೌಂಟೆನೀರಿಂಗ್: ದಿ ಫ್ರೀಡಂ ಆಫ್ ದಿ ಹಿಲ್ಸ್’ 1960ರಲ್ಲಿ ಮೊದಲು ಪ್ರಕಟವಾಗಿ, 2017ರಲ್ಲಿ ಒಂಬತ್ತನೆಯ ಆವೃತ್ತಿಯನ್ನೂ 2024ರಲ್ಲಿ ಹತ್ತನೆಯದನ್ನೂ ಕಂಡಿದೆ. ಆದರೆ ಹಿಮ, ಹಗ್ಗ, ಶಿಖರಗಳೆಲ್ಲ ಸೇರಿದ ಆ ದಪ್ಪ ಗ್ರಂಥವನ್ನು ಆನೆಗೊಂದಿಗೆ ಹೊತ್ತೊಯ್ಯುವ ಅಗತ್ಯ ನನಗಂತೂ ಕಾಣಲಿಲ್ಲ. ಇಲ್ಲಿ ನಡೆಯುವುದು ಹೆಚ್ಚಾಗಿ ಹಗ್ಗವಿಲ್ಲದೆ ತಗ್ಗು ಬಂಡೆಗಳನ್ನು ಹತ್ತುವ ಬೌಲ್ಡರಿಂಗ್ ಆದ್ದರಿಂದ, ಅದಕ್ಕೇ ಮೀಸಲಾದ ತೆಳುವಾದ ಪುಸ್ತಕವೇ ಲೇಸು.

ಸ್ಥಳದ ಮಾಹಿತಿ ಬಹುಬೇಗ ಹಳತಾಗುತ್ತದೆ. ನಮ್ಮ ಹಳೆಯ ಕೈಪಿಡಿ ವಿರೂಪಾಪುರ ಗಡ್ಡೆಯಲ್ಲಿ ತಂಗಲು ಹೇಳುತ್ತಿತ್ತು. ಅಲ್ಲಿನ ವಸತಿಗೃಹಗಳನ್ನು ಸುಪ್ರೀಂ ಕೋರ್ಟ್ ತೀರ್ಪಿನ ನಂತರ 2020ರಲ್ಲೇ ಕೆಡವಲಾಗಿದೆ. ನದಿಯಾಚೆಯ ಹಂಪಿಯನ್ನು ಅದು ಇನ್ನೂ ಬಳ್ಳಾರಿ ಜಿಲ್ಲೆಯಲ್ಲೇ ಇರಿಸಿತ್ತು! ಇಂಥ ತಪ್ಪುಗಳನ್ನು ಊರಿನವರನ್ನು ಕೇಳಿ ಸರಿಪಡಿಸಿಕೊಳ್ಳಬಹುದು. ಸ್ಮಾರಕಗಳನ್ನೂ ಪ್ರಾಚೀನ ವರ್ಣಚಿತ್ರಗಳಿರುವ ಬಂಡೆಗಳನ್ನೂ ಹತ್ತಬಾರದೆಂಬುದು ಹೊರದೇಶದ ಪುಸ್ತಕಗಳಲ್ಲಿ ಇರಲಿಕ್ಕಿಲ್ಲ. ಆದ್ದರಿಂದ ಹತ್ತುವ ಮೊದಲು ಅದನ್ನೂ ಊರಿನಲ್ಲಿ ವಿಚಾರಿಸಬೇಕು.

ವಿಧಾನವೇ ಹಳತಾಗಿದ್ದರೆ ಮಾತ್ರ ಕೇಳಿ ಸರಿಪಡಿಸಿಕೊಳ್ಳುವಷ್ಟು ವ್ಯವಧಾನ ಇರುವುದಿಲ್ಲ. ಹೀಗಾಗಿ ಪುಸ್ತಕವನ್ನು ಪರೀಕ್ಷಿಸಲು ನಾನು ಮೊದಲು ತೆರೆಯುವುದು ಬೀಳುವುದರ ಬಗೆಗಿನ ಅಧ್ಯಾಯವನ್ನು. ಎರಡೂ ಪಾದಗಳ ಮೇಲೆ ಇಳಿದು, ಮೊಣಕಾಲು ಬಾಗಿಸಿ, ಹಿಂದಕ್ಕೆ ಉರುಳಬೇಕು, ಕೈಯನ್ನು ಹಿಂದೆ ಊರಬಾರದು ಎಂಬುದನ್ನು ಚಿತ್ರಸಹಿತ ವಿವರಿಸಿರಬೇಕು. ಊರಿದರೆ ಮಣಿಕಟ್ಟಿಗೋ ಮೊಣಕೈಗೋ ಪೆಟ್ಟಾಗುತ್ತದೆ. ಕೆಳಗೆ ನಿಂತವನು ಬೀಳುವವನನ್ನು ಎತ್ತಿ ಹಿಡಿಯಲು ಹೋಗದೆ, ತಲೆ, ಬೆನ್ನುಗಳನ್ನು ಕಾಪಾಡುತ್ತ ಅವನು ಕ್ರ್ಯಾಶ್ ಪ್ಯಾಡಿನ (ಬಂಡೆಯ ಬುಡದಲ್ಲಿ ಹಾಸುವ ದಪ್ಪ ಮೆತ್ತೆಯ) ಮೇಲೇ ಬೀಳುವಂತೆ ತಿರುಗಿಸಬೇಕೆಂದೂ, ಆಗ ತನ್ನ ಹೆಬ್ಬೆರಳನ್ನು ಚಾಚದೆ ಉಳಿದ ಬೆರಳುಗಳಿಗೆ ಸೇರಿಸಿಟ್ಟುಕೊಳ್ಳಬೇಕೆಂದೂ ನಮ್ಮ ಹೊಸ ಪುಸ್ತಕ ಒಂದು ಪುಟದಲ್ಲಿ ಹೇಳಿತ್ತು. ಹಳೆಯದರಲ್ಲಿ ಪ್ಯಾಡಿನ ಹೆಸರೇ ಇರಲಿಲ್ಲ. ಹತ್ತುವ ಮುನ್ನವೇ ಇಳಿಯುವ ದಾರಿಯನ್ನು ಬಂಡೆಯ ಸುತ್ತ ನಡೆದು ಗುರುತಿಸಿಕೊಳ್ಳಿ ಎಂಬ ಸಲಹೆ ಇಲ್ಲದ ಪುಸ್ತಕವನ್ನು ಅಂಗಡಿಯಲ್ಲೇ ಬಿಡಬಹುದು, ಏಕೆಂದರೆ ಇಲ್ಲಿನ ಅನೇಕ ಗುಂಡುಗಳು ಒಂದೇ ಕಡೆಯಿಂದ ಇಳಿಯಲು ಬರುವಂತಿವೆ.

ಇಲ್ಲಿನ ಗ್ರಾನೈಟ್ ತುಂಬಾ ಒರಟು. ಅರ್ಧ ಬೆಳಗಿನಲ್ಲೇ ಗೆಳೆಯನ ಬೆರಳತುದಿಯ ಚರ್ಮ ತೆಳುವಾಗಿ ಗುಲಾಬಿ ಬಣ್ಣಕ್ಕೆ ತಿರುಗಿತ್ತು. ಬೆರಳಿಗೆ ಟೇಪು ಸುತ್ತುವ ಕ್ರಮ ಪುಸ್ತಕದಲ್ಲಿದ್ದರೆ ಒಳ್ಳೆಯದು. ನವೆಂಬರಿನಿಂದ ಫೆಬ್ರವರಿಯೊಳಗೆ ಹೋಗಿ, ಬಿಸಿಲೇರುವ ಮುಂಚೆ ಅಭ್ಯಾಸ ಮುಗಿಸಬೇಕು; ಆಮೇಲೆ ನೆರಳಿನಲ್ಲಿ ಕುಳಿತು ಮರುದಿನದ ಪುಟಗಳನ್ನು ಓದಬಹುದು.

ಹಗ್ಗದ ಕೆಲಸದ ಮಾತೇ ಬೇರೆ. ಹಗ್ಗವನ್ನು ಸೊಂಟಕ್ಕೆ ಸುತ್ತಿ ಹಿಡಿಯುವುದನ್ನೇ ಮುಖ್ಯ ವಿಧಾನವೆಂದು ಕಲಿಸುವ ಕೈಪಿಡಿಯನ್ನು ಹೊಸಬರು ಕೊಳ್ಳಬಾರದು. ಹತ್ತುವವನ ಹಗ್ಗವನ್ನು ಕೆಳಗಿನಿಂದ ತಡೆಹಿಡಿಯಲು ನೆರವಾಗುವ ಬಿಲೇ ಸಾಧನ ಬಳಸಿ, ತಡೆಯುವ ಕೈಯನ್ನು ಹಗ್ಗದಿಂದ ಎಂದೂ ಬಿಡದಂತೆ ಕಲಿಸುವ ಪುಸ್ತಕವೇ ಬೇಕು. ಅದನ್ನಾದರೂ ಓದಿಕೊಂಡೇ ಪ್ರಯೋಗಿಸದೆ, ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿಯಂಥ ಕಡೆ ತರಬೇತಿ ಪಡೆದ ಮೇಲೆ ನೆನಪಿಗಾಗಿ ಇಟ್ಟುಕೊಳ್ಳುವುದು ಸರಿ.