ಡೆಬಿಯನ್ 13 ಮತ್ತು ನಮ್ಮ ಶಾಲೆಗಳ ಹಳೆಯ ಕಂಪ್ಯೂಟರುಗಳು

ಲಿನಕ್ಸ್ ಆಧಾರಿತ ಮುಕ್ತ ಕಾರ್ಯಾಚರಣಾ ವ್ಯವಸ್ಥೆಯಾದ ಡೆಬಿಯನ್‌ನ 13ನೆಯ ಆವೃತ್ತಿ ‘ಟ್ರಿಕ್ಸಿ’ 2025ರ ಆಗಸ್ಟ್ 9ರಂದು ಬಿಡುಗಡೆಯಾಯಿತು. ಅದಾಗಿ ಎರಡು ತಿಂಗಳಲ್ಲಿ, ಅಕ್ಟೋಬರ್ 14ಕ್ಕೆ, ವಿಂಡೋಸ್ 10ರ ಸಾಮಾನ್ಯ ಬೆಂಬಲದ ಅವಧಿ ಮುಗಿಯಿತು. ಬಾಗಲಕೋಟೆಯ ನವನಗರದಲ್ಲಿ ಡಿಟಿಪಿ ಕೆಲಸ ಮಾಡುತ್ತ, ಬಿಡುವಿದ್ದಾಗ ಸುತ್ತಲಿನ ಪ್ರೌಢಶಾಲೆಗಳ ಕಂಪ್ಯೂಟರ್ ಕೊಠಡಿಗಳನ್ನು ನೋಡಿಕೊಳ್ಳುವ ನನಗೆ ಈ ಎರಡು ದಿನಾಂಕಗಳನ್ನು ಬೇರೆ ಬೇರೆಯಾಗಿ ನೋಡಲು ಸಾಧ್ಯವಾಗುತ್ತಿಲ್ಲ. ವಿಂಡೋಸ್ 11 ಬೇಡುವ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಆಗಲಿ, ಹೊಸ ತಲೆಮಾರಿನ ಪ್ರೊಸೆಸರ್ ಆಗಲಿ ಈ ಕೊಠಡಿಗಳ ಯಂತ್ರಗಳಲ್ಲಿಲ್ಲ. ಆದರೆ ಆ ಯಂತ್ರಗಳು ಕೆಟ್ಟಿಲ್ಲ; ಕೀಲಿಮಣೆ, ಪರದೆ, ಹಾರ್ಡ್ ಡಿಸ್ಕ್ ಎಲ್ಲವೂ ಸರಿಯಾಗಿವೆ. ಅವುಗಳಿಗೆ ಭದ್ರತಾ ಪರಿಷ್ಕರಣೆ ಕೊಡುವ ಒಂದು ಕಾರ್ಯಾಚರಣಾ ವ್ಯವಸ್ಥೆ ಬೇಕು, ಅಷ್ಟೆ.

ಈ ಆವೃತ್ತಿಯಲ್ಲಿ ನಮ್ಮಂಥವರು ಮೊದಲು ಗಮನಿಸಬೇಕಾದದ್ದು ಹೊಸದಾಗಿ ಸೇರಿದ್ದನ್ನಲ್ಲ, ಬಿಟ್ಟುಹೋದದ್ದನ್ನು. 32 ಬಿಟ್ ಪಿಸಿಗಳಿಗೆ ಡೆಬಿಯನ್ 13ರಲ್ಲಿ ಇನ್‌ಸ್ಟಾಲರೂ ಇಲ್ಲ, ವ್ಯವಸ್ಥೆಯ ತಿರುಳಾದ ಕರ್ನಲ್ಲೂ ಇಲ್ಲ. 64 ಬಿಟ್ ವ್ಯವಸ್ಥೆಯೊಳಗೆ ಹಳೆಯ 32 ಬಿಟ್ ತಂತ್ರಾಂಶಗಳನ್ನು ನಡೆಸುವುದಕ್ಕೆ ಬೇಕಾದಷ್ಟನ್ನು ಮಾತ್ರ ಉಳಿಸಿಕೊಂಡಿದ್ದಾರೆ. ಸದ್ಯ 32 ಬಿಟ್ ಡೆಬಿಯನ್ 12 ಬಳಸುತ್ತಿರುವವರು 13ಕ್ಕೆ ಏರಬಾರದೆಂದೂ, ಸಾಧ್ಯವಿದ್ದಲ್ಲಿ 64 ಬಿಟ್ ಆವೃತ್ತಿಯನ್ನು ಹೊಸದಾಗಿ ಹಾಕಿಕೊಳ್ಳಬೇಕೆಂದೂ ಬಿಡುಗಡೆಯ ಟಿಪ್ಪಣಿಯಲ್ಲೇ ಸ್ಪಷ್ಟವಾಗಿ ಬರೆದಿದ್ದಾರೆ.

ಇದನ್ನು ಓದಿದ ಕೆಲವು ಮುಖ್ಯೋಪಾಧ್ಯಾಯರು ತಮ್ಮ ಯಂತ್ರಗಳೆಲ್ಲ ಗುಜರಿಗೆ ಹೋದವೆಂದೇ ತಿಳಿದಿದ್ದಾರೆ. ಹಾಗೇನೂ ಆಗಿಲ್ಲ ಎಂಬುದನ್ನು ಒತ್ತಿ ಹೇಳಬೇಕಾಗಿದೆ. 2006ರಲ್ಲಿ ಬಂದ ಕೋರ್ 2 ಡ್ಯುಯೊ ಕೂಡ 64 ಬಿಟ್ ಪ್ರೊಸೆಸರೇ. ಮೆಮೊರಿ ಕಡಿಮೆಯಿದೆಯೆಂದೋ, ಆಗ ಕೈಯಲ್ಲಿದ್ದ ಸಿಡಿ ಅದೇ ಆಗಿತ್ತೆಂದೋ ಅಂಥ ಯಂತ್ರಗಳಿಗೆ 32 ಬಿಟ್ ವ್ಯವಸ್ಥೆಯನ್ನು ಹಾಕಿಬಿಟ್ಟದ್ದು ನಮ್ಮ ಕಡೆ ಬಹಳ. ಈಗ ಲಿನಕ್ಸ್ ಇರುವ ಯಂತ್ರವಾದರೆ ಟರ್ಮಿನಲ್ ತೆರೆದು ‘ಎಲ್‌ಎಸ್‌ಸಿಪಿಯು’ (lscpu) ಎಂಬ ಆದೇಶ ಕೊಟ್ಟು ನೋಡಿ. ಪ್ರೊಸೆಸರ್ ನಡೆಯಬಲ್ಲ ಬಗೆಗಳನ್ನು ಹೇಳುವ ಸಾಲಿನಲ್ಲಿ 32 ಬಿಟ್ ಜೊತೆಗೆ 64 ಬಿಟ್ ಎಂದೂ ಇದ್ದರೆ ಆ ಯಂತ್ರ ಟ್ರಿಕ್ಸಿಗೆ ಅರ್ಹ. ಮೊದಲ ತಲೆಮಾರಿನ ಆಟಮ್ ಎನ್270 ಇರುವ ಸಣ್ಣ ಲ್ಯಾಪ್‌ಟಾಪುಗಳು ಮತ್ತು ಹಳೆಯ ಪೆಂಟಿಯಂ 4ಗಳಲ್ಲಿ ಹಲವು ಮಾತ್ರ ಈ ಪರೀಕ್ಷೆಯಲ್ಲಿ ಉಳಿಯುವುದಿಲ್ಲ.

32 ಬಿಟ್ ವ್ಯವಸ್ಥೆಗಳಿಗೆ ಕಾಲದ ಲೆಕ್ಕದ ತೊಡಕೂ ಒಂದಿದೆ. ಬಹುಕಾಲದಿಂದ 32 ಬಿಟ್ ವ್ಯವಸ್ಥೆಗಳು ಕಾಲವನ್ನು 1970ರ ಜನವರಿ 1ರಿಂದ ಸೆಕೆಂಡುಗಳಲ್ಲಿ ಎಣಿಸುತ್ತ ಬಂದಿವೆ. ಆ ಎಣಿಕೆಗಿರುವ ಜಾಗ 2038ರ ಜನವರಿ 19ರಂದು, ನಮ್ಮ ಗಡಿಯಾರದಲ್ಲಿ ಬೆಳಗಿನ 8 ಗಂಟೆ 44 ನಿಮಿಷಕ್ಕೆ, ತುಂಬಿಹೋಗುತ್ತದೆ. ಡೆಬಿಯನ್ 13ರಲ್ಲಿ ಉಳಿದ 32 ಬಿಟ್ ವಿನ್ಯಾಸಗಳಿಗೂ 64 ಬಿಟ್ ಕಾಲದೆಣಿಕೆಯನ್ನು ತಂದರು. ಹಳೆಯ ಪಿಸಿ ತಂತ್ರಾಂಶಗಳು ಮುರಿಯದಿರಲೆಂದು 32 ಬಿಟ್ ಪಿಸಿಗಳ ವಿನ್ಯಾಸವಾದ i386 ಒಂದನ್ನು ಮಾತ್ರ ಹಾಗೆಯೇ ಬಿಟ್ಟರು. ಸಾವಿರಾರು ಪ್ಯಾಕೇಜುಗಳನ್ನು ಮುಟ್ಟಿದ ಈ ಕೆಲಸವನ್ನು ಮಾಡಿದವರಲ್ಲಿ ಬಹುಪಾಲು ಸ್ವಯಂಸೇವಕರು ಎಂಬುದನ್ನು ನೆನೆದರೆ ನನಗೆ ಗೌರವವೆನಿಸುತ್ತದೆ.

ಉಳಿದಂತೆ ಕರ್ನಲ್ 6.12, ಡೆಸ್ಕ್‌ಟಾಪ್ ಪರಿಸರಗಳಾದ ಗ್ನೋಮ್ 48 ಮತ್ತು ಎಕ್ಸ್‌ಎಫ್‌ಸಿಇ 4.20, ಕಚೇರಿ ತಂತ್ರಾಂಶವಾದ ಲಿಬ್ರೆ ಆಫೀಸ್ 25.2 ಇವೆ. 2 ಜಿಬಿ ಮೆಮೊರಿಯ ಯಂತ್ರಕ್ಕೆ ಗ್ನೋಮ್ ಭಾರವಾಗುತ್ತದೆ, ಎಕ್ಸ್‌ಎಫ್‌ಸಿಇಯನ್ನೇ ಆರಿಸಿಕೊಳ್ಳಿ. ಅಂಥ ಯಂತ್ರಗಳ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ ಬೇಕು. ತಾತ್ಕಾಲಿಕ ಕಡತಗಳ ‘ಟಿಎಂಪಿ’ (/tmp) ಫೋಲ್ಡರು ಈಗ ಹೊಸದಾಗಿ ಹಾಕಿದ ವ್ಯವಸ್ಥೆಯಲ್ಲಿ ಡಿಸ್ಕಿನ ಬದಲು ಮೆಮೊರಿಯಲ್ಲಿರುತ್ತದೆ, ಮೆಮೊರಿಯ ಅರ್ಧದವರೆಗೂ ಬೆಳೆಯಬಲ್ಲದು, ಮತ್ತು ಯಂತ್ರ ನಿಂತೊಡನೆ ಅಲ್ಲಿರುವುದೆಲ್ಲ ಅಳಿಯುತ್ತದೆ. ಕರೆಂಟು ಆಗಾಗ ಹೋಗುವ ನಮ್ಮ ಊರುಗಳಲ್ಲಿ ಮಕ್ಕಳು ತಮ್ಮ ಕೆಲಸವನ್ನು ಅಲ್ಲಿ ಉಳಿಸದಂತೆ ಮೊದಲ ದಿನವೇ ಹೇಳಿಕೊಡುವುದು ಒಳ್ಳೆಯದು.

ಶಾಲೆಗಳಿಗೆ ನಾನು ಡೆಬಿಯನ್ನನ್ನೇ ಹೇಳುವುದಕ್ಕೆ ಮುಖ್ಯ ಕಾರಣ ಅದರ ದಿನಾಂಕಗಳು. ಟ್ರಿಕ್ಸಿಗೆ 2028ರ ಆಗಸ್ಟ್‌ವರೆಗೆ ಪೂರ್ಣ ಬೆಂಬಲ, ಆಮೇಲೆ 2030ರ ಜೂನ್‌ವರೆಗೆ ದೀರ್ಘಾವಧಿ ಬೆಂಬಲವಿದೆ. ಆಲಮಟ್ಟಿ ಹಿನ್ನೀರಿಗಾಗಿ ಹಳೆಯ ಊರು ಬಿಟ್ಟು ನವನಗರಕ್ಕೆ ಬಂದ ನಮ್ಮ ಮನೆಗಳವರಿಗೆ ಗೊತ್ತಿರುವಂತೆ, ಎಂದು ಬಿಡಬೇಕೆಂಬುದು ಮೊದಲೇ ಖಚಿತವಾಗಿದ್ದರೆ ಸಾಮಾನು ಕಟ್ಟುವುದು ಎಷ್ಟೋ ಸುಲಭ. ವರ್ಷಕ್ಕೊಮ್ಮೆ ಬೇಸಿಗೆ ರಜೆಯಲ್ಲಷ್ಟೇ ಕೊಠಡಿಯ ಕೆಲಸಕ್ಕೆ ಕೈ ಹಾಕಲು ಸಾಧ್ಯವಿರುವ ಶಾಲೆಗೆ ಇಂಥ ಖಚಿತ ಲೆಕ್ಕ ಬಹಳ ಬೆಲೆಯುಳ್ಳದ್ದು. ವೈಫೈ ಮುಂತಾದ ಬಿಡಿಭಾಗಗಳಿಗೆ ಬೇಕಾಗುವ, ಮುಕ್ತವಲ್ಲದ ಫರ್ಮ್‌ವೇರ್ ಕೂಡ 12ನೆಯ ಆವೃತ್ತಿಯಿಂದ ಇನ್‌ಸ್ಟಾಲರ್‌ನಲ್ಲೇ ಬರುತ್ತಿರುವುದರಿಂದ, ಮೊದಲಿದ್ದ ಒಂದು ದೊಡ್ಡ ತೊಡಕು ನೀಗಿದೆ.

ಕನ್ನಡದ ಮಟ್ಟಿಗೆ ಹೇಳುವುದಾದರೆ, ಗ್ರಾಫಿಕಲ್ ಇನ್‌ಸ್ಟಾಲರ್‌ನ ಭಾಷೆಗಳ ಪಟ್ಟಿಯಲ್ಲಿ ಕನ್ನಡವಿದೆ. ಗುಬ್ಬಿ, ನವಿಲು ಮತ್ತು ಲೋಹಿತ್ ಫಾಂಟುಗಳು ಡೆಬಿಯನ್ ಭಂಡಾರದಲ್ಲೇ ಸಿಗುತ್ತವೆ. ಭಾರತೀಯ ಭಾಷೆಗಳಲ್ಲಿ ಟೈಪ್ ಮಾಡಲು ನೆರವಾಗುವ ಐಬಸ್ ಜೊತೆಗೆ ಎಂ17ಎನ್ ಪ್ಯಾಕೇಜನ್ನು ಹಾಕಿದರೆ ಕನ್ನಡ ಗಣಕ ಪರಿಷತ್ತಿನ ಕೀಲಿಮಣೆ ವಿನ್ಯಾಸವೂ ದೊರೆಯುವುದರಿಂದ, ‘ನುಡಿ’ ತಂತ್ರಾಂಶದಲ್ಲಿ ಬೆರಳು ಪಳಗಿದ ಶಿಕ್ಷಕರು ಹೊಸದಾಗಿ ಟೈಪಿಂಗ್ ಕಲಿಯಬೇಕಿಲ್ಲ. ನಿಜವಾದ ಕೆಲಸವಿರುವುದು ಹಳೆಯ ಕಡತಗಳಲ್ಲಿ. ಯುನಿಕೋಡ್ ಅಲ್ಲದ ಫಾಂಟುಗಳಲ್ಲಿ ಟೈಪ್ ಮಾಡಿಟ್ಟ ಪ್ರಶ್ನೆಪತ್ರಿಕೆಗಳು, ದಾಖಲಾತಿ ಪಟ್ಟಿಗಳು ಆ ಫಾಂಟ್ ಇಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತವೆ. ಯಂತ್ರವನ್ನು ಬದಲಿಸುವ ಮೊದಲು ಆ ಕಡತಗಳನ್ನೆಲ್ಲ ಪೆನ್ ಡ್ರೈವಿಗೆ ತೆಗೆದು, ಯುನಿಕೋಡಿಗೆ ಪರಿವರ್ತಿಸಿ, ಒತ್ತಕ್ಷರಗಳು ಮತ್ತು ಅರ್ಕಾವತ್ತುಗಳು ಸರಿಯಾಗಿ ಕೂತಿವೆಯೇ ಎಂದು ಒಬ್ಬರು ಕೂತು ಓದಲೇಬೇಕು. ಈ ಓದುವ ಕೆಲಸಕ್ಕೆ ಶಾಲೆಯ ಕನ್ನಡ ಶಿಕ್ಷಕರನ್ನೇ ಕೇಳಿಕೊಳ್ಳಿ. ಪ್ರಶ್ನೆಪತ್ರಿಕೆ ಅವರದೇ ಆಗಿರುವುದರಿಂದ ತಪ್ಪು ಅವರ ಕಣ್ಣಿಗೆ ಬೇಗ ಬೀಳುತ್ತದೆ.