ಹಚ್ಚೋದು ಚರ್ಮಕ್ಕೆ, ರಕ್ತ ಯಾಕೆ?

"ಮುಲಾಮು ಹಚ್ಚೋದು ಮೈಗೆ. ರಕ್ತ ಯಾಕಮ್ಮಾ ಬೇಕು?" ಎಂದು ಕೇಳಿದರು ಆ ಅಕ್ಕ. ಅವರಿಗೆ ಸೋರಿಯಾಸಿಸ್. ಮೊಣಕೈ, ಬೆನ್ನಿನ ತುಂಬಾ ಬಿಳಿ ಹೊಟ್ಟು. ಕೆಲವು ವಾರ ಕಲ್ಲಿದ್ದಲಿನಿಂದ ತೆಗೆದ ಕೋಲ್ ತಾರಿನ ಮುಲಾಮು ಹಚ್ಚಿ, ಯುವಿಬಿ ಎಂಬ ಅತಿನೇರಳೆ ಬೆಳಕು ಕೊಡುವುದೆಂದು ಡಾಕ್ಟರ್ ಹೇಳಿದ್ದರು. 1925ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನ ಗೋಕರ್ಮನ್ ತೋರಿಸಿಕೊಟ್ಟ ಪದ್ಧತಿ ಇದು. ನಾನಾಗ ಲ್ಯಾಬ್‌ನಲ್ಲಿ ಸಂಶೋಧನಾ ವಿದ್ಯಾರ್ಥಿನಿ. ಈ ಚಿಕಿತ್ಸೆಯಿಂದ ಮೈಯೊಳಗೆ ಏನಾದರೂ ಪೆಟ್ಟಾಗುತ್ತದೆಯೇ ಎಂದು ರಕ್ತದಲ್ಲಿ ನೋಡುವುದು ನನ್ನ ಕೆಲಸ.

ತಾರಿನಲ್ಲಿ ಬೆಂಜೋಪೈರೀನ್‌ನಂಥ ರಾಸಾಯನಿಕಗಳಿವೆ. ಅವು ಸ್ವಲ್ಪ ಮಟ್ಟಿಗೆ ಚರ್ಮ ದಾಟಿ ಒಳಗೂ ಇಳಿಯುತ್ತವೆ, ಡಿಎನ್‌ಎಗೆ ಪೆಟ್ಟು ಕೊಡಬಲ್ಲವು. ರಕ್ತದಲ್ಲಿರುವ ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳು ಮೈಯೆಲ್ಲ ಸುತ್ತುತ್ತವೆ. ಕೆಲವು ವರ್ಷಗಟ್ಟಲೆ ಬದುಕುತ್ತವೆ. ಪೆಟ್ಟಿನ ಗುರುತು ಅಲ್ಲಿ ಸಿಗುತ್ತದೆ. ಇಷ್ಟನ್ನು ಅವರಿಗೆ ಬಿಡಿಸಿ ಹೇಳಿದೆ.

ಆಮೇಲೆ ನನ್ನ ಪ್ರಶ್ನೆಗಳು. ವಯಸ್ಸು? ತಂಬಾಕು? ಇತ್ತೀಚೆಗೆ ಎಕ್ಸ್‌ರೇ? ಅಡುಗೆ ಯಾವುದರ ಮೇಲೆ? "ಸೌದೆ ಒಲೆ" ಎಂದರು. ಆ ಹೊಗೆಯಲ್ಲೂ ಇದೇ ರಾಸಾಯನಿಕಗಳಿರುತ್ತವೆ! ಅದಕ್ಕೇ ಚಿಕಿತ್ಸೆಗೆ ಮುಂಚಿನ ರಕ್ತ ಬೇಕೇಬೇಕು. ಅವರನ್ನು ಅವರ ಜೊತೆಯೇ ಹೋಲಿಸಬೇಕು, ಬೇರೆಯವರ ಜೊತೆ ಅಲ್ಲ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಟ್ಯೂಬ್‌ಗೆ ರಕ್ತ ತೆಗೆದದ್ದಾಯಿತು.

ಈ ಲಿಂಫೋಸೈಟ್‌ಗಳು ಸುಮ್ನೆ ಕೂತಿರುತ್ತವೆ, ವಿಭಜನೆ ಆಗುವುದಿಲ್ಲ. ಅವನ್ನು ಎಬ್ಬಿಸುವ ಪ್ರೋಟೀನ್ ಸಿಗುವುದು ನಾವು ಪಲ್ಯ, ಸಾರು ಮಾಡುವ ರಾಜ್ಮಾ ಜಾತಿಯ ಬೀಜದಿಂದ. ನನಗೆ ಇದು ಇವತ್ತಿಗೂ ಖುಷಿ ಕೊಡುವ ಸಂಗತಿ. ಅದನ್ನು ಹಾಕಿ ಕಣಗಳನ್ನು ಬೆಳೆಯಲು ಇಟ್ಟ ಮೇಲೆ, 44ನೇ ಗಂಟೆಗೆ ಸೈಟೊಕಲಾಸಿನ್ ಬಿ ಎಂಬ ರಾಸಾಯನಿಕ ಹಾಕಬೇಕು. ಆಗ ಕಣದೊಳಗೆ ಡಿಎನ್‌ಎ ಇರುವ ನ್ಯೂಕ್ಲಿಯಸ್ ಎರಡಾಗುತ್ತದೆ, ಕಣ ಮಾತ್ರ ಒಂದಾಗಿಯೇ ಉಳಿಯುತ್ತದೆ. 72ನೇ ಗಂಟೆಗೆ ತೆಗೆದು ಸ್ಲೈಡ್ ಮಾಡಿ, ಗೀಮ್ಸಾ ಬಣ್ಣ ಹಾಕಬೇಕು. ತುಂಡಾದ ಅಥವಾ ಹಿಂದುಳಿದ ಕ್ರೋಮೋಸೋಮ್ (ಡಿಎನ್‌ಎ ಎಳೆ) ನ್ಯೂಕ್ಲಿಯಸ್ ಪಕ್ಕದಲ್ಲಿ ಪುಟ್ಟ ಚುಕ್ಕೆಯಾಗಿ ಕಾಣುತ್ತದೆ. ಅದೇ ಮೈಕ್ರೋನ್ಯೂಕ್ಲಿಯಸ್. ಎರಡು ನ್ಯೂಕ್ಲಿಯಸ್ ಇರುವ 1000 ಕಣಗಳಲ್ಲಿ ಎಷ್ಟಿವೆ ಎಂದು ಎಣಿಸಬೇಕು. ಸ್ಲೈಡ್ ಮೇಲೆ ಕೋಡ್ ಮಾತ್ರ. ಮುಂಚಿನದೋ ನಂತರದ್ದೋ ಗೊತ್ತಾದರೆ ಕಣ್ಣು ಮೋಸ ಮಾಡುತ್ತದೆ.

ಕೋಡ್ ಬಿಚ್ಚಿದಾಗ ಚಿಕಿತ್ಸೆಯ ನಂತರ ತೆಗೆದ ಅಕ್ಕನ ರಕ್ತದ ಎಣಿಕೆ ಸ್ವಲ್ಪ ಜಾಸ್ತಿ ಇತ್ತು. ಅಷ್ಟೊತ್ತಿಗೆ ಅವರ ಬೆನ್ನು ತಿಳಿಯಾಗಿತ್ತು.

"ಕ್ಯಾನ್ಸರ್ ಬರುತ್ತಾ?" ಎಂದರು. ಒಬ್ಬರ ಒಂದು ಎಣಿಕೆಯಿಂದ ಹಾಗೆ ಹೇಳಲಾಗದು, ಇದು ತುಂಬಾ ಜನರನ್ನು ಒಟ್ಟಿಗೆ ನೋಡಿ ಅಳೆಯುವ ಪರೀಕ್ಷೆ ಎಂದೆ. ನೆದರ್‌ಲ್ಯಾಂಡ್ಸ್‌ನಲ್ಲಿ 13,000ಕ್ಕೂ ಹೆಚ್ಚು ಚರ್ಮರೋಗಿಗಳನ್ನು ನೋಡಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ತಾರಿನಿಂದ ಕ್ಯಾನ್ಸರ್ ಹೆಚ್ಚಿದ್ದು ಕಂಡಿಲ್ಲ ಎಂದೂ ಹೇಳಿದೆ.

"ಒಲೆ ಬದಲಾಯಿಸಲಾ?" ಎಂದರು. ಖಂಡಿತ ಬದಲಾಯಿಸಿ ಎಂದೆ. ಮುಲಾಮು ಮುಂದುವರಿಸಬೇಕಾ ಎಂದು ಕೇಳಲು ಇಬ್ಬರೂ ಡಾಕ್ಟರ್ ಹತ್ತಿರ ಹೋದೆವು.